ಹೀಟರ್ ಮುಚ್ಚಿದ ಬೇಸಿಗೆ

ನಾನು ನಿಂತಿದ್ದ ಜಾಗ ಇದು: ಶಿರೂರ ಅನಂತಪಾಳದಿಂದ ಉದಗೀರಕ್ಕೆ ಹೋಗುವ ರಸ್ತೆಯ ಎಡಬದಿ, ಒಂಟಿ ಬೇವಿನ ಗಿಡದ ಕೆಳಗೆ. ಮೇ ತಿಂಗಳ ಕೊನೆಯ ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ನಮ್ಮ ಜೀಪು ಉದಗೀರದ ಕಡೆ ಮುಖ ಮಾಡಿ ನಿಂತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ನನ್ನ ಬಲಗೈಯಲ್ಲಿ ಒಂದು ಪಕ್ಕಡ, ಅಂದರೆ ಇಕ್ಕಳ, ಅದರ ಬಾಯಲ್ಲಿ ಬೆರಳುದ್ದದ ತಂತಿಯ ತುಂಡು. ನಡುವಿನ ಸೀಟಿನ ಮೇಲೆ ನನ್ನ ಅಣ್ಣ ಮಲಗಿದ್ದ. ಅವನ ಮೈಯಲ್ಲಿ ಬೆವರು ನಿಂತು ಆಗಲೇ ಇಪ್ಪತ್ತು ನಿಮಿಷವಾಗಿತ್ತು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಇಷ್ಟು ದಿನ ಬರೆಯಬೇಕೆಂದು ಅನಿಸಿರಲಿಲ್ಲ. ಹೋದ ವಾರ ಉದಗೀರದ ಬಸ್ ನಿಲ್ದಾಣದಲ್ಲಿ ಒಂದು ಬಸ್ಸಿನ ಇಂಜಿನ್ ಕಾದು, ಒಳಗಿನ ಹಸಿರು ನೀರು ನೆಲಕ್ಕೆ ಸುರಿಯಿತು. ಆ ನೀರಿಗೆ ಒಂದು ವಾಸನೆ ಇದೆ. ಬೆಲ್ಲ ಸೀದಂತೆ ಸಿಹಿ. ನಾನು ಬಸ್ಸು ಹತ್ತದೆ ಬೆಂಚಿನ ಮೇಲೆ ಕುಳಿತೆ, ಮತ್ತೊಂದು ಬಸ್ಸು ಬಂದರೂ ಏಳಲಿಲ್ಲ.

ನಾವು ಮರಾಠಿ ಸೀಮೆಗೆ ಸೇರಿದ ದಾಳಿಂಬ ಎಂಬ ಊರಿನ ಜಂಗಮರು. ಅಣ್ಣನ ಹೆಸರು ಗುರುಲಿಂಗಯ್ಯ, ನನಗಿಂತ ಏಳು ವರ್ಷ ದೊಡ್ಡವನು. ನಾನು ಶಂಕರಯ್ಯ. ಹೊಲ ನಾನು ನೋಡಿಕೊಳ್ಳುತ್ತಿದ್ದೆ, ಭಕ್ತರ ಮನೆಗಳ ಕಾರ್ಯ ಅವನು. ಉಮರ್ಗಾದಿಂದ ನಿಲಂಗಾ ದಾಟಿ ಉದಗೀರದ ಮಗ್ಗಲಿನವರೆಗೆ ಅಜ್ಜನ ಕಾಲದಿಂದ ನಮ್ಮನ್ನು ಕರೆಯುವ ಮನೆತನಗಳಿವೆ. ಮದುವೆಗೆ, ಗೃಹಪ್ರವೇಶಕ್ಕೆ ಬೇರೆ ಅಯ್ಯಗಳು ಸಿಗುತ್ತಾರೆ. ಸಾವಿಗೆ ಮಾತ್ರ ಅವರಿಗೆ ಅಣ್ಣನೇ ಬೇಕು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಮೈ ಸೆಟೆದುಕೊಳ್ಳುವ ಮೊದಲು ಕುಳ್ಳಿರಿಸಬೇಕು, ಜಂಗಮನು ತಲೆಯ ಮೇಲೆ ಪಾದ ಇಡಬೇಕು. ಹೀಗಾಗಿ ಕರೆ ಬಂದ ಕೂಡಲೇ ಹೊರಡುವುದಕ್ಕೆಂದು ಆ ಹಳೆಯ ಜೀಪು ಇಟ್ಟಿದ್ದೆವು. ಓಡಿಸುವವನು ಗುಂಡಪ್ಪ, ನಮ್ಮೂರವನೇ, ಎಲ್ಲರಿಗೂ ಗುಂಡು.

ಜೀಪಿನ ಹೀಟರ್ ಲಿವರ್ ಮುರಿದದ್ದು ಎಳ್ಳಮಾವಾಸ್ಯೆಯ ಬೆಳಗಿನಲ್ಲಿ. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಗಡಿಗೆಯಲ್ಲಿ ಅಂಬಲಿ, ಬುಟ್ಟಿಯಲ್ಲಿ ರೊಟ್ಟಿ ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಥಂಡಿ ಬಹಳ ಇತ್ತು. ಅಣ್ಣನ ಹೆಂಡತಿ, ನನ್ನ ವೈನಿ, ಅಂಬಲಿಯ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಿದ್ದಳು.

"ಬೆಚ್ಚಗಿನ ಗಾಳಿ ಬರ್ತದ ಅಂತೀರಲ್ಲ, ಹಚ್ರಿ ಒಮ್ಮಿ ನೋಡೂನು" ಅಂದಳು.

ಅಣ್ಣ ಲಿವರ್ ಎಳೆದ. ಅದು ಕಟ್ ಎಂದು ಅವನ ಕೈಗೇ ಬಂತು.

"ನಿಮ್ಮ ಕಾಲಿಗಿರೋ ಪುಣ್ಯ ಕೈಗಿಲ್ಲ ನೋಡ್ರಿ" ಎಂದು ವೈನಿ ನಕ್ಕಳು. ಗುಂಡುವೂ ನಕ್ಕ. ಅಣ್ಣ ಆ ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡ. ಅವನು ಮುರಿದದ್ದನ್ನು ಎಸೆಯುವವನಲ್ಲ.

ಉಮರ್ಗಾದಲ್ಲಿ ನಮ್ಮ ಗಾಡಿ ನೋಡುತ್ತಿದ್ದವನು ರಫೀಕ್ ಮಿಸ್ತ್ರಿ. ಅವನಿಗೆ ತುಂಡನ್ನು ತೋರಿಸಿದಾಗ ಅವನು ಕೈ ಒರೆಸಿಕೊಂಡು ಬಂದು ಅಣ್ಣನಿಗೆ ಸಲಾಂ ಮಾಡಿದ.

"ಉಮರ್ಗಾದಾಗ ಹೀಟರ್ ಕೇಳಿದವ್ರು ನೀವೇ ಮೊದಲ್ನೇದವ್ರು, ಅಯ್ಯಾವ್ರ. ಮ್ಯಾಲ ಅಷ್ಟು ದೊಡ್ಡದೊಂದು ಹಚ್ಚಿಟ್ಟಾನ, ಅದು ಸಾಲವಲ್ದಾ?"

"ಅದರ ಲಿವರ್ ನಿನ್ನ ಕೈಯಾಗ ಇಲ್ಲಲ್ಲೋ ರಫೀಕ್. ಇದರದಾರ ಕೂಡ್ಸು."

ಮಿಸ್ತ್ರಿ ತಲೆ ಒಳಗೆ ಹಾಕಿ ನೋಡಿ ತಿಳಿಸಿ ಹೇಳಿದ. ಇಂಜಿನಿನ ಬಿಸಿನೀರು ಒಂದು ಪೈಪಿನಲ್ಲಿ ಹೀಟರಿಗೆ ಬರುತ್ತದೆ. ಪೈಪಿಗೆ ಒಂದು ನಳ. ಲಿವರಿನಿಂದ ಆ ನಳಕ್ಕೆ ಒಂದು ತಂತಿ. ಎಳೆದರೆ ತೆರೆಯುತ್ತದೆ, ದೂಡಿದರೆ ಮುಚ್ಚುತ್ತದೆ. ಲಿವರೂ ಮುರಿದಿದೆ, ತಂತಿ ಹಿಡಿಯುವ ಕ್ಲಿಪ್ಪೂ ಹೋಗಿದೆ. ಹೊಸ ಸೆಟ್ ಸೋಲಾಪುರದಿಂದ ತರಿಸಬೇಕು, ಕೂಡಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಒಂದು ದಿನದ ಕೆಲಸ. ಅಲ್ಲಿಯವರೆಗೆ ತಂತಿಯ ತುದಿಯನ್ನು ಹೊರಗೆ ಎಳೆದಿಟ್ಟು, ಒಂದು ಪಕ್ಕಡ ಕೊಟ್ಟ. ಹಿಡಿದು ಎಳೆಯಿರಿ, ಹಿಡಿದು ದೂಡಿರಿ.

ಸೆಟ್ ಹತ್ತು ದಿನಕ್ಕೆ ಬಂತು. ಕಂದು ಬಣ್ಣದ ರಟ್ಟಿನ ಪೊಟ್ಟಣ. ನಾನೇ ಹೋಗಿ ತಂದೆ. ಗಾಡಿಯನ್ನು ಮಿಸ್ತ್ರಿಯ ಹತ್ತಿರ ಒಂದು ದಿನ ಬಿಡಬೇಕಾಗಿತ್ತು. ಬಿಡಲಿಲ್ಲ. ಪೊಟ್ಟಣವನ್ನು ನಾನು ಕೂಡುವ ಸೀಟಿನ ಕೆಳಗೆ ಇಟ್ಟೆ. ಮುಂದಿನ ನಾಲ್ಕು ತಿಂಗಳು ಅದು ಅಲ್ಲೇ ಇತ್ತು.

ಏಪ್ರಿಲ್‌ನಲ್ಲಿ ರೇಡಿಯೇಟರ್ ಕಟ್ಟಿಕೊಂಡಿತು. ಏರು ಬಂದರೆ ಸಾಕು, ಇಂಜಿನಿನ ಬಿಸಿ ತೋರಿಸುವ ಕಾಟಾ ಕೆಂಪಿಗೆ ಹೋಗುತ್ತಿತ್ತು. ರಫೀಕ್ ಅದನ್ನೂ ನೋಡಿದ. ಹೊಸದು ಬರುವವರೆಗೆ ಒಂದು ಉಪಾಯ ಹೇಳಿದ, ಮತ್ತು ಆ ಉಪಾಯ ಸರಿಯಾದದ್ದೇ. ಅವನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

"ಕಾಟಾ ಮ್ಯಾಲ ಹ್ವಾದ್ರ ಹೀಟರ್ ತೆಗೀರಿ, ಅದರ ಫ್ಯಾನ್ ಜೋರ್ ಮಾಡ್ರಿ. ಇಂಜಿನಿನ ಜ್ವರಾ ನಿಮಗ ಬರ್ತದ, ಗಾಡಿ ಉಳೀತದ. ಮತ್ತ ಆ ಪಾರ್ಟ್ ಲಗೂ ಕೂಡಿಸ್ಕೋರಿ, ಸಣ್ಣಯ್ಯಾವ್ರ. ತಂತಿ ಭಾಳ ದಿನ ತಾಳೂದಿಲ್ಲ."

ಆ ಬೇಸಿಗೆಯನ್ನು ನಮ್ಮ ಸೀಮೆಯವರು ಮರೆತಿರಲಾರರು. ಬೆಳಗಿನ ಒಂಬತ್ತಕ್ಕೆ ಗೋಡೆ ಮುಟ್ಟಲಾಗುತ್ತಿರಲಿಲ್ಲ. ನೆಲ ಬಾಯಿ ಬಿಟ್ಟಿತ್ತು. ವಯಸ್ಸಾದವರು ಮಧ್ಯಾಹ್ನ ಮಲಗಿದವರು ಏಳುತ್ತಿರಲಿಲ್ಲ. ಅಣ್ಣನಿಗೆ ದಿನ ಬಿಟ್ಟು ದಿನ ಕರೆ, ಕೆಲವೊಮ್ಮೆ ಒಂದೇ ದಿನ ಎರಡು ಊರು. ಗುಂಡು ಓಡಿಸುತ್ತಿದ್ದ, ನಾನು ಅವನ ಪಕ್ಕ ಪಕ್ಕಡ ಹಿಡಿದು ಕೂಡುತ್ತಿದ್ದೆ. ಅವನು "ತೆಗೀರಿ" ಅಂದರೆ ಎಳೆಯುವುದು, "ಮುಚ್ರಿ" ಅಂದರೆ ದೂಡುವುದು. ತೆಗೆದಾಗ ಕಾಲಿಗೆ, ಮುಖಕ್ಕೆ ಕುಲುಮೆಯ ಗಾಳಿ. ಅಣ್ಣ ಹಿಂದಿನಿಂದ ಹೇಳುತ್ತಿದ್ದ, "ಮಂದಿ ಎಲ್ಲಾ ಎಸಿ ಗಾಡ್ಯಾಗ ತಿರುಗ್ತಾರ. ನಮ್ದೇ ನೋಡು, ಹೀಟರ್ ಗಾಡಿ. ಹಿಂದಿನ ಜನ್ಮದಾಗ ಹಪ್ಪಳ ಸುಟ್ಟೀವಿ ಕಾಣ್ತದ."

ನಾನು ಎರಡು ಸಲ ಅವನಿಗೆ ಹೇಳಿದೆ, ಒಂದು ದಿನ ಗಾಡಿ ಬಿಡೋಣ ಎಂದು. ಎರಡೂ ಸಲ ಅವನು ಒಂದೇ ಮಾತು ಹೇಳಿದ: "ಸತ್ತವರು ಕಾಯೂದಿಲ್ಲ ಶಂಕ್ರಾ. ಹೀಟರ್ ಕಾಯ್ತದ." ಮೂರನೆಯ ಸಲ ನಾನು ಹೇಳಲಿಲ್ಲ. ಅವನಿಗೆ ಹೇಳದೆಯೂ ಗಾಡಿಯನ್ನು ಮಿಸ್ತ್ರಿಯ ಹತ್ತಿರ ಬಿಡಬಹುದಿತ್ತು. ಗಾಡಿಯ ಕೀಲಿಕೈ ಇರುತ್ತಿದ್ದುದು ನನ್ನ ಹತ್ತಿರ.

ಇನ್ನೊಂದು ಸಂಗತಿ ಹೇಳಬೇಕು. ಅಣ್ಣನದೊಂದು ನೇಮವಿತ್ತು. ಸಾವಿನ ಕರೆಗೆ ಮನೆ ಬಿಟ್ಟ ಮೇಲೆ, ಮಣ್ಣು ಕೊಟ್ಟು ಜಳಕ ಮಾಡಿ, ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಅವನು ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ನನಗೆ ಆ ನೇಮವಿಲ್ಲ. ಕೈಕಾಲು ತೊಳೆದು ಚಹಾ ಕುಡಿಯುವವನು ನಾನು. ಅವನ ನೇಮವನ್ನು ಗೌರವಿಸುತ್ತಿದ್ದೆ, ಪ್ರಶ್ನಿಸಿರಲಿಲ್ಲ.

ಆ ಮಂಗಳವಾರ ಕರೆ ಬಂದದ್ದು ಶಿರೂರ ಅನಂತಪಾಳದ ಆಚೆ, ಉದಗೀರದ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯಿಂದ. ಒಬ್ಬ ಮುದುಕಿ ತೀರಿಕೊಂಡಿದ್ದಳು. ಬೆಳಗಿನ ಆರಕ್ಕೆ ದಾಳಿಂಬ ಬಿಟ್ಟೆವು. ಹೊಲದಲ್ಲಿ ಮಣ್ಣು ಕೊಟ್ಟು ಮುಗಿದಾಗ ಒಂದು ಗಂಟೆ ಹೊಡೆದಿತ್ತು. ಏಳು ತಾಸು ಅಣ್ಣ ನೀರಿಲ್ಲದೆ ಇದ್ದ, ಅದರಲ್ಲಿ ಎರಡು ತಾಸು ಬಿಸಿಲಿನಲ್ಲಿ.

ಮನೆಯ ಹಿರಿಯ ಬಂದು, "ಅಯ್ಯಾವ್ರ, ಜಳಕಕ್ಕ ನೀರು ಇಟ್ಟೀವ್ರೀ, ಏಳ್ರಿ" ಅಂದ. ಅಣ್ಣ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಕೊಡಗಳನ್ನು ನೋಡಿದ. ಆ ಊರಿಗೆ ಟ್ಯಾಂಕರ್ ಬರುತ್ತಿದ್ದುದು ಮೂರು ದಿನಕ್ಕೊಮ್ಮೆ. "ಬ್ಯಾಡಪ್ಪಾ. ಮನಿಗೆ ಹೋಗಿ ಮಾಡ್ತೀನಿ" ಅಂದ. ಗಾಡಿ ಹತ್ತುವಾಗ ನನಗೆ ಮಾತ್ರ ಕೇಳುವಂತೆ, "ಎರಡು ಕೊಡಾ ನಾ ಸುರಕೊಂಡ್ರ ನಾಳಿ ಅವರ ದನಾ ಏನ ಕುಡೀಬೇಕು?" ಅಂದ. ಮನೆಗೆ ಎರಡೂವರೆ ತಾಸಿನ ದಾರಿ.

ಮಣ್ಣಿನ ರಸ್ತೆಯಲ್ಲಿ ಹೊರಟು ಹತ್ತು ನಿಮಿಷಕ್ಕೆ ಅವನು ಕಿಟಕಿಯ ಹೊರಗೆ ಬರಿ ಓಕರಿಸಿದ. ಏನೂ ಬರಲಿಲ್ಲ. ತಿರುಗಿ ಮುಟ್ಟಿ ನೋಡಿದೆ. ಚರ್ಮ ಒಣಗಿತ್ತು, ಹಂಚಿನಂತೆ ಸುಡುತ್ತಿತ್ತು. ಡಾಂಬರು ರಸ್ತೆ ಸೇರುವಲ್ಲಿ ಎಡಕ್ಕೆ ಹೋದರೆ ಮನೆ, ಬಲಕ್ಕೆ ಉದಗೀರ.

"ಉದಗೀರ ಹೊಡಿ, ಗುಂಡು. ದೊಡ್ಡ ದವಾಖಾನಿ" ಅಂದೆ.

ಗುಂಡು ಜೋರಾಗಿ ಬಿಟ್ಟ. ಜೋರಾಗಿ ಬಿಟ್ಟರೆ ಇಂಜಿನ್ ಕಾಯುತ್ತಿತ್ತು. ಐದು ನಿಮಿಷದಲ್ಲಿ ಕಾಟಾ ಮೇಲಕ್ಕೆ ಹೋಯಿತು.

"ತೆಗೀರಿ, ಸಣ್ಣಯ್ಯಾವ್ರ."

ಎಳೆದೆ. ಫ್ಯಾನ್ ಹಚ್ಚಿದೆ. ಬಿಸಿ ಗಾಳಿ ಗಾಡಿಯ ತುಂಬ ನುಗ್ಗಿತು. ಕಿಟಕಿಗಳೆಲ್ಲ ತೆರೆದಿದ್ದವು, ಹೊರಗಿನ ಗಾಳಿಯೂ ಬೆಂಕಿಯೇ. ನನ್ನ ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಹಿಂದೆ ಅಣ್ಣನ ಎದೆಯ ಮೇಲೆ. ಕಾಟಾ ಸ್ವಲ್ಪ ಇಳಿಯಿತು. ಅಣ್ಣ ಮಾತಾಡಲು ಶುರು ಮಾಡಿದ. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅವನು ನಮ್ಮ ತಾಯಿಯ ಜೊತೆ ಮಾತಾಡುತ್ತಿದ್ದ. ನಮ್ಮ ತಾಯಿ ಹೋಗಿ ಇಪ್ಪತ್ತು ವರ್ಷವಾಗಿದೆ.

"ಅವ್ವಾ, ಒಲಿ ಮುಂದ ಯಾಕ ಕುಂದ್ರಿಸೀಯವ್ವಾ ನನ್ನ? ತೆಗಿ ಅಲ್ಲಿಂದ."

"ಮುಚ್ಚಲೇನೋ ಗುಂಡು?"

"ಮುಚ್ಚಬ್ಯಾಡ್ರೀ! ಮುಚ್ಚಿದ್ರ ನಿಲ್ತದ. ಹತ್ತು ಹದಿನೈದು ಕಿಲೋಮೀಟರ್ ಅದ. ತಡೀರಿ."

ತಡೆದೆ. ಎಷ್ಟು ಹೊತ್ತು ತಡೆದೆ ಎಂದು ಲೆಕ್ಕ ಹಾಕಿ ನೋಡಿದ್ದೇನೆ, ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚಲ್ಲ. ಆಗ ಅಣ್ಣ ನನ್ನ ಹೆಸರು ಹಿಡಿದು ಕರೆದ. ಅವನ ಕಣ್ಣು ನನ್ನ ಮೇಲೆ ಸರಿಯಾಗಿ ನಿಂತಿತ್ತು.

"ಶಂಕ್ರಾ. ಮುಚ್ಚೋ. ಸುಡ್ತದೋ."

ನಾನು ದೂಡಿದೆ. ಮೆಲ್ಲಗೆ ದೂಡಿದರೂ ಆ ತಂತಿ ಮುಚ್ಚುತ್ತಿತ್ತು, ನಾಲ್ಕು ತಿಂಗಳು ದೂಡಿದ ಕೈಗೆ ಅದು ಗೊತ್ತಿತ್ತು. ನಾನು ಮೆಲ್ಲಗೆ ದೂಡಲಿಲ್ಲ. ಆ ಗಾಳಿಯ ಮೇಲೆ, ಆ ಗಾಡಿಯ ಮೇಲೆ, ಆ ಊರಿನ ಕೊಡಗಳ ಮೇಲೆ ಇದ್ದ ಸಿಟ್ಟನ್ನೆಲ್ಲ ಹಾಕಿ ದೂಡಿದೆ. ಇನ್ನು ತೆರೆಯಲೇಬಾರದು ಎನ್ನುವಂತೆ. ತಂತಿ ಬಾಗಿತು, ಬುಡದಲ್ಲೇ ಮುರಿಯಿತು. ತುಂಡು ಪಕ್ಕಡದ ಬಾಯಲ್ಲಿ ಉಳಿಯಿತು. ಗುಂಡು ರಸ್ತೆ ನೋಡುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡಿದ.

ಬಿಸಿ ಗಾಳಿ ನಿಂತಿತು. ಅಣ್ಣ ಉಸಿರು ಬಿಟ್ಟು, "ಹಾಂ" ಅಂದ. ಆ ಒಂದು ಶಬ್ದ ನನಗೆ ಈಗಲೂ ಕೇಳುತ್ತದೆ. ಎರಡು ಕಿಲೋಮೀಟರ್ ಆಗಿರಬೇಕು. ಕಾಟಾ ಕೆಂಪು ದಾಟಿತು, ನಳ ತೆಗೆಯಲು ತಂತಿ ಇರಲಿಲ್ಲ, ಇಂಜಿನಿನೊಳಗೆ ಕುದಿಯುವ ಸದ್ದು ಬಂತು, ಬೇವಿನ ಗಿಡದ ಹತ್ತಿರ ಗಾಡಿ ತಾನಾಗಿ ನಿಂತಿತು. ಆ ಸಿಹಿ ವಾಸನೆ ಎದ್ದಿತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಒಂದು ತಾಸು ಹಿಡಿಯುತ್ತದೆ ಅಂದರು. ರಸ್ತೆಯ ಮೇಲೆ ಒಂದು ಗಾಡಿ ಇಲ್ಲ, ಒಂದು ನಾಯಿ ಇಲ್ಲ. ನಮ್ಮ ಹತ್ತಿರ ಇದ್ದದ್ದು ಇಂಜಿನಿಗೆಂದು ಇಟ್ಟಿದ್ದ ಒಂದು ಕ್ಯಾನ್ ನೀರು, ಅರ್ಧ ತುಂಬಿದ್ದು. ಗುಂಡು ಅದನ್ನು ಹಿಡಿದು ನಿಂತ.

"ಇಂಜಿನಿಗೋ, ದೊಡ್ಡಯ್ಯಾವ್ರಿಗೋ?"

"ಅಣ್ಣಗ."

ಅಣ್ಣನನ್ನು ನೆರಳಿಗೆ ಇಳಿಸಿದೆವು. ಟವಲ್ ನೆನೆಸಿ ತಲೆಗೆ, ಎದೆಗೆ ಹಾಕಿದೆ. ನೀರು ತುಟಿಗೆ ತಂದರೆ ಅವನು ತುಟಿ ಬಿಗಿಹಿಡಿದ. ಪ್ರಜ್ಞೆ ಅರೆಬರೆಯಾಗಿತ್ತು, ನೇಮ ಪೂರ್ತಿ ಇತ್ತು.

ಗಿಡದ ಆ ಮಗ್ಗಲು ಆಡು ಕಾಯುವ ಹೆಂಗಸೊಬ್ಬಳು ಕುಳಿತಿದ್ದಳು. ಆಡುಗಳನ್ನು ಬಿಟ್ಟು ಎದ್ದು ಬಂದಳು. "ಅಹೋ, ಪಾಣೀ ಪಾಜಾ ನಾ ತ್ಯಾಂನಾ" ಅಂದಳು ಮರಾಠಿಯಲ್ಲಿ, ನೀರು ಕುಡಿಸಿರಿ ಎಂದು. ಲಿಂಗಪೂಜೆ ಆಗದೆ ಇವರು ನೀರು ಕುಡಿಯುವುದಿಲ್ಲ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಅವಳು ನನ್ನನ್ನು, ನನ್ನ ಹಣೆಯ ವಿಭೂತಿಯನ್ನು ನೋಡಿದಳು.

"ಮಗ ಪೂಜಾ ಕರಾ ನಾ!" ಅಂದಳು. ಹಾಗಾದರೆ ಪೂಜೆ ಮಾಡಿರಿ.

ಅಷ್ಟೇ. ಅಷ್ಟೇ ಇತ್ತು ಅದು. ನಾನು ಅಣ್ಣನ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಬಿಚ್ಚಿದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಕರಡಿಗೆಯನ್ನು ಹೊರಳಿಸಿ ಅವನ ಎಡ ಅಂಗೈಗೇ ಲಿಂಗವನ್ನು ಇಳಿಸಿ, ಆ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಕ್ಯಾನಿನ ಮುಚ್ಚಳದಿಂದ ನೀರು ಹಾಕಿದೆ. ವಿಭೂತಿ ಹಚ್ಚಿದೆ. ಪತ್ರಿ ಇರಲಿಲ್ಲ. ಆಕೆ ಬೇವಿನ ಒಂದು ಎಲೆ ಕಿತ್ತು ಕೊಟ್ಟಳು, ಏರಿಸಿದೆ. ಆಮೇಲೆ ಅಣ್ಣನ ಕಿವಿಯ ಹತ್ತಿರ, "ಪೂಜಾ ಆಯ್ತು ಅಣ್ಣಾ, ತೀರ್ಥ ತೊಗೊ" ಅಂದೆ.

ಅವನು ಬಾಯಿ ತೆರೆದ. ಎರಡು ಗುಟುಕು ಒಳಗೆ ಹೋಯಿತು. ಮೂರನೆಯದು ಕಟವಾಯಿಯಿಂದ ಇಳಿಯಿತು.

ಎರಡು ಗಂಟೆ ಐವತ್ತಕ್ಕೆ ಒಂದು ಖಾಲಿ ಪಿಕಪ್ ಬಂತು. ಬಾಲಾಜಿ ಎಂಬವನು, ಟೊಮ್ಯಾಟೊ ಇಳಿಸಿ ಉದಗೀರಕ್ಕೆ ತಿರುಗಿ ಹೊರಟವನು. ಕೇಳುವ ಮೊದಲೇ ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿದ. ಆ ಹೆಂಗಸು ತನ್ನ ತಲೆಯ ಮೇಲಿನ ಗೋಣಿಚೀಲ ನೆನೆಸಿ ಅಣ್ಣನ ಮೇಲೆ ಹೊದಿಸಿದಳು. ದವಾಖಾನೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು, ನಾನು ನೋಡಿದ್ದೇನೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಡಾಕ್ಟರು ಹೊರಗೆ ಬಂದರು. "ಒಂದು ತಾಸು ಮೊದಲ ಬಂದಿದ್ರ…" ಅಂದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಅಣ್ಣನನ್ನು ಅಂದೇ ಸಂಜೆ ಕುಳ್ಳಿರಿಸಿ, ಮರುದಿನ ಬೆಳಿಗ್ಗೆ ನಮ್ಮ ಹೊಲದಲ್ಲೇ ಮಣ್ಣು ಕೊಟ್ಟೆವು. ಅಷ್ಟು ಜನರ ತಲೆಯ ಮೇಲೆ ಇಟ್ಟ ಅವನ ಪಾದಗಳು ಮಡಚಿಕೊಂಡಿದ್ದವು. ಅವನ ತಲೆಯ ಮೇಲೆ ಪಾದ ಇಡಲು ನಿಲಂಗಾದಿಂದ ಒಬ್ಬ ವೃದ್ಧ ಅಯ್ಯ ಬಂದರು. ಬಂದ ಜನ ಹೇಗಾಯಿತು ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗುಂಡು ಪ್ರತಿ ಸಲ ಹೇಳಿದ: "ತಂತಿ ಹಳೇದಿತ್ರೀ. ಕಟ್ ಅಂತು." ನಾನು ಅದನ್ನು ತಿದ್ದಲಿಲ್ಲ.

ಎಂಟು ದಿನಕ್ಕೆ ಮಿರಗ, ಅಂದರೆ ಮೃಗಶಿರೆಯ ಮಳೆ ಬಂತು. ಜೀಪನ್ನು ಎಳೆದುಕೊಂಡು ಹೋಗಿ ರಫೀಕನ ಹತ್ತಿರ ಬಿಟ್ಟಿದ್ದರು. ಅವನು ಸೀಟಿನ ಕೆಳಗೆ ಪೊಟ್ಟಣ ನೋಡಿದ. ಫೋನ್ ಮಾಡಿ, "ಇದರ ಟೇಪ್ ಸುದ್ದಾ ಬಿಚ್ಚಿಲ್ಲಲ್ರೀ ಸಣ್ಣಯ್ಯಾವ್ರ" ಅಂದ. ಯಾರೂ ಹೇಳದೆಯೇ ಕೂಡಿಸಿದ. ಒಂದು ದಿನ ಹಿಡಿಯಿತು. ಈಗ ಆ ಲಿವರ್ ಒಂದು ಬೆರಳಿನಿಂದ ಸರಿಯುತ್ತದೆ. ಎಡಕ್ಕೆ, ಬಲಕ್ಕೆ. ಸದ್ದೂ ಆಗುವುದಿಲ್ಲ.

ವೈನಿ ಒಂದು ತಿಂಗಳು ನನ್ನನ್ನು ಏನೂ ಕೇಳಲಿಲ್ಲ. ಒಂದು ಸಂಜೆ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಕೇಳಿದಳು, ನೀರು ಕುಡಿದು ಹೋದರೋ ಹಾಗೇ ಹೋದರೋ ಎಂದು. ನಾನು ಬೇವಿನ ಗಿಡದ ಕೆಳಗೆ ಮಾಡಿದ್ದನ್ನು ಹೇಳಿದೆ. ಅಂಗೈ, ಮುಚ್ಚಳ, ಎಲೆ, ಎರಡು ಗುಟುಕು. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳ ಕೈ ನಿಂತಿತು.

"ಅರ್ಧಾ ವಾಟಿ ನೀರಿನಾಗ ಆಗೋ ಪೂಜಾ" ಅಂದಳು. "ಆ ಸತ್ತವರ ಮನ್ಯಾಗ ಯಾಕ ಮಾಡ್ಲಿಲ್ಲ, ಶಂಕ್ರಯ್ಯಾ? ಅರ್ಧಾ ವಾಟಿ ನೀರು ಆ ಮನಿಯವ್ರೂ ಕೊಡ್ತಿದ್ರು, ನಿಮ್ಮಣ್ಣಾವ್ರೂ ತೊಗೋತಿದ್ರು."

"ನನಗ ಹೊಳೀಲಿಲ್ಲ, ವೈನಿ."

"ಹೌದು. ಅಯ್ಯಗ ಹೊಳೀಲಿಲ್ಲ. ಆಡು ಕಾಯಾಕಿಗಿ ಹೊಳೀತು."

ಮತ್ತೆ ಜೋಳ ಹಸನು ಮಾಡತೊಡಗಿದಳು. ಆಮೇಲೆ ಈ ಮಾತನ್ನು ಅವಳು ಎತ್ತಿಲ್ಲ. ದಿನಾಲೂ ನನಗೆ ಊಟ ಬಡಿಸುತ್ತಾಳೆ.

ಅಂದು ನನ್ನ ಹೊರತು ನೋಡಿದವರು ಮೂವರು. ಮೂವರೂ ಬದುಕಿದ್ದಾರೆ. ಆ ಹೆಂಗಸಿನ ಹೆಸರು ಸಖೂಬಾಯಿ. ಈ ಬೇಸಿಗೆಯಲ್ಲೂ ಅದೇ ರಸ್ತೆಯಲ್ಲಿ ಆಡು ಕಾಯುತ್ತಾಳೆ. ಗಾಡಿ ನಿಂತದ್ದನ್ನು, ಪೂಜೆಯನ್ನು ಅವಳು ಕಂಡಿದ್ದಾಳೆ. ಬಾಲಾಜಿ ಉದಗೀರದಲ್ಲಿದ್ದಾನೆ, ಅಣ್ಣನ ಕೊನೆಯ ಅರ್ಧ ತಾಸಿನ ದಾರಿ ಅವನಿಗೆ ಗೊತ್ತು. ಮೂರನೆಯವನು ಗುಂಡಪ್ಪ. ದಾಳಿಂಬದಿಂದ ಉಮರ್ಗಾಕ್ಕೆ ಶೇರ್ ಆಟೊ ಓಡಿಸುತ್ತಾನೆ, ಬೆಳಿಗ್ಗೆ ಎಂಟಕ್ಕೆ ಊರಬಾಗಿಲ ಅಗಸಿಯ ಹತ್ತಿರ ನಿಂತಿರುತ್ತಾನೆ. ತಂತಿ ಮುರಿದಾಗ ನನ್ನ ಕೈಯನ್ನು ನೋಡಿದವನು ಅವನೊಬ್ಬನೇ. ಯಾರು ಕೇಳಿದರೂ ತಂತಿ ಹಳೆಯದಿತ್ತು ಎಂದೇ ಇಂದಿಗೂ ಹೇಳುತ್ತಾನೆ. ಇದನ್ನು ಓದಿದವರು ಅವನನ್ನು ಇನ್ನೊಮ್ಮೆ ಕೇಳಿರಿ. ಕಂಡದ್ದನ್ನು ಹೇಳು ಎಂದು ಶಂಕರಯ್ಯನೇ ಅಂದಿದ್ದಾನೆ ಎನ್ನಿರಿ.